ಮೇಲಿನ ಗುಂಡಿಯಿಂದ

ಲಿಫ್ಟಿನ ಬಾಗಿಲು ಮುಚ್ಚಿಕೊಂಡದ್ದೇ ತಡ, ಬ್ರಿನ್ ಬೆಳಗಿನ ಪಿಯಾನೋ ವಾದಕನ ಅಣಕ ಶುರುಮಾಡಿದಳು. ಬೆನ್ನು ಗೂನು ಮಾಡಿದಳು, ತುಟಿ ಒಳಕ್ಕೆಳೆದುಕೊಂಡಳು, ಮೂಗಿನ ತುದಿಗೆ ಜಾರಿದ ಇಲ್ಲದ ಕನ್ನಡಕವನ್ನು ಬಲಗೈ ಮಣಿಕಟ್ಟಿನಿಂದ ಮೇಲಕ್ಕೆ ತಳ್ಳಿ, ಗಾಳಿಯಲ್ಲಿ ಹತ್ತು ಬೆರಳನ್ನೂ ನಾಯಿ ಅಟ್ಟಿಸಿದ ಕೋಳಿಗಳಂತೆ ಓಡಿಸಿದಳು.

"ಟಡಂಗ್ ಟಡಂಗ್ ಟಡಂಗ್! ಹೀಗೆ ಬಾರಿಸ್ತಾನೆ ಅಪ್ಪ ಆ ಮುದುಕ. ರೈಲು ತಪ್ಪಿಹೋಗ್ತಿದೆ ಅನ್ನೋ ಹಾಗೆ. ಅದಕ್ಕೇ ನಂಗೆ ಉಸ್ರು ಸಿಗ್ಲಿಲ್ಲ. ಅದಕ್ಕೇ ಎರಡ್ನೇ ಸಾಲು ಮರ್ತೇಹೋಯ್ತು."

ಲೈಲ್ ನಕ್ಕ. ಬೆಳಿಗ್ಗೆ ಹಾಡಿದ ಕೋಣೆಯಿಂದ ಹೊರಬಂದ ಮೇಲೆ ಮಗಳು ಆಡಿದ ಮೊದಲ ಉದ್ದ ಮಾತು ಇದು. ಅಣಕ ಅಷ್ಟೇನೂ ಚೆನ್ನಾಗಿಲ್ಲದಿದ್ದರೂ ಅವನು ನಗುತ್ತಿದ್ದ.

ಹನ್ನೊಂದನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಅವರ ಹಿಂದೆ, ಟೋಪಿ ಕಣ್ಣಿನವರೆಗೂ ಎಳೆದುಕೊಂಡು ದಪ್ಪ ಕೋಟಿನೊಳಗೆ ಮುದುಡಿ ನಿಂತಿದ್ದ ಮನುಷ್ಯನೊಬ್ಬ "ಸ್ವಲ್ಪ ಜಾಗ" ಎಂದು ಮುಂದೆ ಬಂದ. ಕೈಯಲ್ಲಿ ಹಬೆಯಾಡುವ ಸೂಪಿನ ಡಬ್ಬಿ. ಹೊರಗೆ ಕಾಲಿಟ್ಟವನು ತಿರುಗಿ ಬ್ರಿನ್‌ಳ ಕಡೆ ನೋಡಿದ. ಮೂಗಿನ ತುದಿಯಲ್ಲಿ ಕನ್ನಡಕವಿತ್ತು.

"ಎಡಗೈ ಮಗೂ, ಎಡಗೈ. ಬಾರಿಸೋವಾಗ ಬಲಗೈಗೆ ಪುರುಸೊತ್ತು ಇರಲ್ಲ."

ಎಡಗೈ ಮಣಿಕಟ್ಟಿನಿಂದ ಕನ್ನಡಕ ಮೇಲೆ ತಳ್ಳಿ ತೋರಿಸಿ ಹೊರಟುಹೋದ. ಅವರೂ ಅಲ್ಲೇ ಇಳಿಯಬೇಕಿತ್ತು. ಇಬ್ಬರೂ ಇಳಿಯಲಿಲ್ಲ. ಬಾಗಿಲು ಮುಚ್ಚಿತು, ಲಿಫ್ಟು ಯಾರೋ ಕರೆದ ಮೇಲಿನ ಮಹಡಿಗೆ ಅವರನ್ನು ಹೊತ್ತುಕೊಂಡು ಹೋಯಿತು.

"ಅಪ್ಪ," ಎಂದಳು ಬ್ರಿನ್.

"ಅವ್ರಿಗೆ ಅಣ್ಣನೋ ತಮ್ಮನೋ ಇರ್ಬೋದು ಕಣೇ, ಹಾಗೇ ಕಾಣೋವ್ರು," ಎಂದ ಲೈಲ್. ಈ ಸಲ ಇಬ್ಬರೂ ನಗಲಿಲ್ಲ.

ಫೆಬ್ರವರಿಯಲ್ಲಿ ಶಿಕಾಗೋದ ಈ ಹೋಟೆಲುಗಳಿಗೆ ದೇಶದ ವಿಶ್ವವಿದ್ಯಾಲಯಗಳ ಸಂಗೀತ ನಾಟಕ ವಿಭಾಗಗಳೆಲ್ಲ ಮಕ್ಕಳನ್ನು ಹಾಡಿಸಿ ಆರಿಸಿಕೊಳ್ಳಲು ಬಂದಿಳಿಯುತ್ತವೆ, ಹಿಂದೆಯೇ ಹದಿನೇಳು ಹದಿನೆಂಟರ ಮಕ್ಕಳೂ ಅವರ ಅಪ್ಪ ಅಮ್ಮಂದಿರೂ ಬಂದಿಳಿಯುತ್ತಾರೆ. ಬ್ರಿನ್ ಕಳಿಸಿದ್ದ ವಿಡಿಯೋ ನೋಡಿಯೇ ಹೆಚ್ಚಿನವರು ಬೇಡವೆಂದಿದ್ದರು. ಕರೆದದ್ದು ಎರಡೇ ಕಡೆ. ಅದರಲ್ಲಿ ಒಂದು ಬೆಳಿಗ್ಗೆ ಹಾಳಾಯಿತು; ತಾಳವೂ ಹೋಯಿತು, ತಾಳ್ಮೆಯೂ ಹೋಯಿತು, "ಥ್ಯಾಂಕ್ ಯೂ" ಎಂಬ ಒಣ ಮಾತು ಮಾತ್ರ ಉಳಿಯಿತು. ಉಳಿದದ್ದು ಇದೊಂದು. ಇದೂ ಹೋದರೆ ಅಯೋವಾಕ್ಕೆ ವಾಪಸು. ಊರ ಪಕ್ಕದ ಕಾಲೇಜಿನಲ್ಲಿ ಹಲ್ಲಿನ ಡಾಕ್ಟರ ಸಹಾಯಕಿಯ ಓದಿಗೆ ಅಮ್ಮ ಆಗಲೇ ಸೀಟು ಹಿಡಿದಿಟ್ಟಿದ್ದಳು. ತಾನು ಬಾಯಿ ತೆರೆದು ಹಾಡಬೇಕೆಂದಿದ್ದವಳು ಇನ್ನೊಬ್ಬರ ಬಾಯಿ ತೆರೆಸುತ್ತ ಬದುಕಬೇಕು. ಈ ಹಾಸ್ಯವನ್ನು ಬ್ರಿನ್ ಮನೆಯಲ್ಲಿ ತಾನೇ ಮಾಡಿದ್ದಳು. ಇವತ್ತು ಅದು ಹಾಸ್ಯದಂತೆ ಕೇಳುತ್ತಿರಲಿಲ್ಲ.

ಮೆಟ್ಟಿಲಿಳಿದು ಹನ್ನೊಂದಕ್ಕೆ ಬಂದರು. ಕಾರಿಡಾರಿನ ಉದ್ದಕ್ಕೂ ಗೋಡೆಗೆ ಒರಗಿ ಗಂಟಲು ಹದಮಾಡಿಕೊಳ್ಳುತ್ತಿದ್ದ ಮಕ್ಕಳು. ಒಬ್ಬ "ಮ್ಯಾಮ್ಯಾಮ್ಯಾ" ಎಂದು ಮೇಕೆಮರಿಯಾಗಿದ್ದ. ಒಬ್ಬಳು ತುಟಿಗಳನ್ನು "ಬ್ರ್ರ್ರ್ರ್" ಎಂದು ನಡುಗಿಸುತ್ತ ಹತ್ತದ ದಿಬ್ಬಕ್ಕೆ ಟ್ರ್ಯಾಕ್ಟರ್ ಹತ್ತಿಸುತ್ತಿದ್ದಳು. ಇನ್ನೊಬ್ಬಳು ಸಣ್ಣ ಯಂತ್ರಕ್ಕೆ ಮೂಗು ಬಾಯಿ ಒತ್ತಿಕೊಂಡು ಹಬೆ ಕುಡಿಯುತ್ತಿದ್ದಳು. ಎಲ್ಲರಲ್ಲೂ ಸ್ವರಕ್ಕಿಂತ ಜ್ವರವೇ ಹೆಚ್ಚು.

"ನಮ್ಮ ಕಡೆ ಹಂದಿ ದೊಡ್ಡಿಗೆ ಮೇವು ಹಾಕೋ ಹೊತ್ತಲ್ಲೂ ಇಷ್ಟು ಗಲಾಟೆ ಇರಲ್ಲ," ಎಂದ ಲೈಲ್ ಪಿಸುದನಿಯಲ್ಲಿ. ಹಂದಿ ದೊಡ್ಡಿಗಳ ದೈತ್ಯ ಫ್ಯಾನುಗಳ ರಿಪೇರಿ ಅವನ ಕೆಲಸ. ಗದ್ದಲದ ವಿಷಯದಲ್ಲಿ ಅವನ ಮಾತಿಗೆ ತೂಕವಿತ್ತು.

ಬ್ರಿನ್ ಪಕ್ಕದಲ್ಲಿ ಕೂತಿದ್ದ ಹುಡುಗಿಯನ್ನು ಕೇಳಿದಳು, "ಒಳಗೆ ಪಿಯಾನೋಗೆ ಯಾರಿದಾರೆ?"

"ಓರಿನ್. ಇವ್ರು ಕರ್ಕೊಂಡು ಬಂದೋರಿಗೆ ವಾಂತಿಯಂತೆ. ಮಧ್ಯಾಹ್ನದಿಂದ ಓರಿನ್‌ನ ಎರವಲು ತಂದಿದಾರೆ," ಎಂದಳು ಆಕೆ. ಹೆಸರು ಇಮಾರಿ, ಡೆಟ್ರಾಯ್ಟ್‌ನವಳು. ಆಗಲೇ ಹಾಡಿ ಮುಗಿಸಿ, ಬೂಟು ಬಿಚ್ಚಿಟ್ಟು, ಬಾಳೆಹಣ್ಣು ತಿನ್ನುತ್ತಿದ್ದಳು. "ಕನ್ನಡಕ ಜಾರ್ತಿರುತ್ತೆ ನೋಡು, ಅವ್ರು."

"ಸತ್ತೆ."

"ಯಾಕೇ? ಬಂಗಾರದಂಥ ಮನುಷ್ಯ. ನಾವು ಕೊಟ್ಟ ವೇಗ ಕೊಟ್ಟ ಹಾಗೇ ಬಾರಿಸ್ತಾರೆ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ."

"ಸುಳ್ಳು. ಬೆಳಿಗ್ಗೆ ನನ್ನ ಹಾಡನ್ನ ಎತ್ಕೊಂಡು ಓಡೇಬಿಟ್ರು."

ಇಮಾರಿ ತಿನ್ನುವುದನ್ನು ನಿಲ್ಲಿಸಿದಳು. "ನೀನು ಹೆಂಗೆ ಕೊಟ್ಟೆ? ತೋರ್ಸು."

ಪಿಯಾನೋದವರ ಮುಂದೆ ಚಿಟಿಕೆ ಹೊಡೆಯುವಂತಿಲ್ಲ, ಅದು ನಾಯಿಯನ್ನು ಕರೆದ ಹಾಗೆ. ಪುಟ ತೋರಿಸಿ, ಎರಡು ಬೆರಳನ್ನು ನಮ್ಮ ಎದೆಯ ಮೇಲಿಟ್ಟು ಮೆಲ್ಲಗೆ ತಟ್ಟಿ, ಇಷ್ಟು ವೇಗ ಎಂದು ತಿಳಿಸಬೇಕು. ಹಾಡು ಕಲಿಸುವವರೆಲ್ಲ ಇದನ್ನು ಮೊದಲ ವರ್ಷವೇ ಹೇಳಿಕೊಡುತ್ತಾರೆ. ಬ್ರಿನ್ ಎರಡು ಬೆರಳನ್ನು ಎದೆಯ ಮೇಲಿಟ್ಟು ತಟ್ಟಿ ತೋರಿಸಿದಳು.

ಇಮಾರಿ ಒಂದು ಕ್ಷಣ ನೋಡಿದಳು. ಆಮೇಲೆ ತನ್ನ ಅಂಗೈಯನ್ನು ಬ್ರಿನ್‌ಳ ಬೆರಳ ಪಕ್ಕಕ್ಕೆ ಒತ್ತಿ ಹಿಡಿದಳು.

"ಲೇ, ಇದು ಹಾಡಲ್ಲ ಕಣೇ. ಇದು ನಿನ್ನ ಎದೆಬಡಿತ."

ಬ್ರಿನ್ ಕೈ ಇಳಿಸಿದಳು. ಬಸ್ ನಿಲ್ದಾಣದಲ್ಲಿ ತಮ್ಮನನ್ನು ಬೀಳ್ಕೊಡುವ ಅಕ್ಕನ ಹಾಡು ಅದು. ಹೊರಡುವ ಆತುರ ಬಸ್ಸಿಗೆ, ಅಕ್ಕನಿಗಲ್ಲ. ಮನೆಯಲ್ಲಿ ಅದನ್ನು ಪಾತ್ರೆ ಒರೆಸುತ್ತ ಹಾಡುತ್ತಿದ್ದಳು, ಎಷ್ಟು ಸಾವಧಾನವಾಗಿ! ಈಗ ಆ ವೇಗವನ್ನು ಮನಸ್ಸಿನಲ್ಲಿ ಹುಡುಕಿದರೆ ಎದೆಯ ಡಬಡಬ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಮುದುಕ ಓಡಿಸಿದ್ದರೆ ಮುದುಕನನ್ನು ಬೈದುಕೊಂಡು ಒಳಗೆ ಹೋಗಬಹುದಿತ್ತು. ಬೆಳಿಗ್ಗೆ ಹಾಡನ್ನು ಕೆಡಿಸಿದ ಎದೆಯನ್ನೇ ಹೊತ್ತುಕೊಂಡು ಈಗಲೂ ಒಳಗೆ ಹೋಗಬೇಕು. ಹಲ್ಲುಗಳು ಕಟಕಟಿಸತೊಡಗಿದವು.

ಹೇಳುವುದು ತಿಳಿಯದಾಗ ಲೈಲ್ ಏನಾದರೂ ಮಾಡುತ್ತಿದ್ದ. ಮಡಿಲಲ್ಲಿದ್ದ ಅವಳ ಕೋಟನ್ನು ಹಸಿರು ಉಡುಪಿನ ಮೇಲೆಯೇ ಹೊದಿಸಿ, ಎದುರಿಗೆ ಮಂಡಿಯೂರಿ, ಮೇಲಿನ ಗುಂಡಿಯಿಂದ ಹಾಕತೊಡಗಿದ. ಚಳಿಗೆ ಬಿರಿದ ದಪ್ಪ ಬೆರಳುಗಳು. ಗುಂಡಿ ತೂತಿನೊಳಗೆ ನುಗ್ಗಬೇಕು, ಆಚೆ ಬರಬೇಕು, ಹೆಬ್ಬೆರಳು ಅದನ್ನೊಮ್ಮೆ ಒತ್ತಿ ನೋಡಬೇಕು, ಆಮೇಲೆ ಕೆಳಗಿನದು. ಅವಳು ಕಿಂಡರ್‌ಗಾರ್ಟನ್‌ಗೆ ಹೋಗುವಾಗಲೂ ಹೀಗೇ, ಶಾಲೆಯ ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ ಹೀಗೇ.

ಕೊನೆಯ ಗುಂಡಿ ಹಾಕಿದ್ದನೋ ಇಲ್ಲವೋ, ಬಾಗಿಲು ತೆರೆದು ವಿಶ್ವವಿದ್ಯಾಲಯದ ಅಂಗಿ ತೊಟ್ಟ ವಿದ್ಯಾರ್ಥಿನಿಯೊಬ್ಬಳು ಹಲ್ಲು ತೋರಿಸಿ ಕರೆದಳು, "ಬ್ರಿನ್?"

"ಅಯ್ಯೋ ಅಪ್ಪ, ಬಿಚ್ಚು, ಬೇಗ!"

"ಬಿಚ್ತಿದೀನಲ್ಲ."

ಮತ್ತೆ ಮೇಲಿನ ಗುಂಡಿಯಿಂದಲೇ. ಒತ್ತಿದ, ನುಗ್ಗಿಸಿದ, ಹೊರತಂದ. ವಿದ್ಯಾರ್ಥಿನಿಯ ನಗು ಬಿಗಿಯಾಗುತ್ತ ಬಂತು. ಮೇಕೆಮರಿ ಕೂಡ ಸುಮ್ಮನಾಗಿ ನೋಡುತ್ತಿದ್ದ. "ಅಪ್ಪ!" "ಎಳೆದ್ರೆ ಕಿತ್ತುಬರುತ್ತೆ ಮರಿ." ಬ್ರಿನ್‌ಗೆ ಅಳು ಬಂದಿತು. ಅವನ ಬೆರಳುಗಳೂ ನಡುಗುತ್ತಿದ್ದುದನ್ನು ಅವಳು ಆಗಲೇ ಕಂಡದ್ದು. ನಡುಗುತ್ತಿದ್ದವು, ಅವಸರ ಮಾತ್ರ ಮಾಡುತ್ತಿರಲಿಲ್ಲ.

ಕೋಣೆಯಲ್ಲಿದ್ದ ಮಂಚವನ್ನು ಹೊರಗೆ ಸಾಗಿಸಿದ್ದರು. ಅದರ ಕಾಲು ಊರಿದ್ದ ಕಡೆ ಕಾರ್ಪೆಟ್ಟಿನಲ್ಲಿ ಕುಳಿಗಳು ಉಳಿದಿದ್ದವು. ಮೇಜಿನ ಹಿಂದೆ ಇಬ್ಬರು. ಬಾದಾಮಿ ಅಗಿಯುತ್ತಿದ್ದ ಗಂಡಸು ಅಗಿಯುತ್ತಲೇ ನಮಸ್ಕಾರದಂತೆ ತಲೆಯಾಡಿಸಿದ. ಚಹದ ಬಟ್ಟಲು ಹಿಡಿದ ಹೆಂಗಸು "ಬಾಮ್ಮ, ಶುರುಮಾಡು" ಎಂದಳು. ಮೂಲೆಯಲ್ಲಿ, ಇಸ್ತ್ರಿ ಮೇಜಿನಷ್ಟು ತೆಳು ಕಾಲಿನ ಸ್ಟ್ಯಾಂಡಿನ ಮೇಲೆ ವಿದ್ಯುತ್ ಪಿಯಾನೋ; ಅದರ ಹಿಂದೆ ಓರಿನ್, ಕಾಲ ಬಳಿ ಖಾಲಿ ಸೂಪಿನ ಡಬ್ಬಿ.

ಬ್ರಿನ್ ತನ್ನ ಹಾಡುಗಳ ಸ್ವರಲಿಪಿಯಿದ್ದ ಬೈಂಡರ್ ತೆರೆದು ಅವನ ಮುಂದಿಟ್ಟಳು. ತುಟಿ ಅಲ್ಲಾಡದಂತೆ ಹೇಳಿದಳು, "ಬೆಳಿಗ್ಗೆ ಓಡ್ಸಿದ್ದು ನಾನೇ ಸರ್. ನೀವಲ್ಲ."

"ಗೊತ್ತು," ಎಂದ ಆತ, ಅಷ್ಟೇ ಮೆಲ್ಲಗೆ. "ಈಗ ಎಷ್ಟು ಬೇಕು?"

ಅವಳ ಎರಡು ಬೆರಳು ತಾವಾಗಿಯೇ ಎದೆಗೆ ಹೋದವು. ಒಳಗೆ ಎದೆಬಡಿತ ಇನ್ನೂ ಕುದುರೆ ಓಟದಲ್ಲೇ ಇತ್ತು. ತಟ್ಟಿದರೆ ಮತ್ತೆ ಅದನ್ನೇ ತಟ್ಟುತ್ತಾಳೆ. ಬೆರಳು ಅಲ್ಲೇ ನಿಂತವು. ಮೇಜಿನ ಕಡೆ ಬಾದಾಮಿಯ ಸದ್ದು ನಿಂತಿತು. ಯಾರೋ ಪೆನ್ನಿನ ಮುಚ್ಚಳ ತೆಗೆದರು.

ತಟ್ಟುವುದು ಬರದಿದ್ದರೂ ಅಣಕ ಬರುತ್ತಿತ್ತು. ಅವಳು ಬೆರಳನ್ನು ಕೊರಳಿನ ಬುಡಕ್ಕೆ ತಂದಳು. ಅಪ್ಪನ ದಪ್ಪ ಬೆರಳಾದಳು. ಇಲ್ಲದ ಗುಂಡಿಯನ್ನು ಹಿಡಿದಳು, ನುಗ್ಗಿಸಿದಳು, ಹೊರತಂದಳು, ಹೆಬ್ಬೆರಳಿನಿಂದ ಒತ್ತಿದಳು. ಕೆಳಗಿನದು. ಅದರ ಕೆಳಗಿನದು.

ಓರಿನ್ ಅವಳ ಕೈ ನೋಡುತ್ತಿದ್ದ. ಏನು ಎಂದು ಕೇಳಲಿಲ್ಲ. ಮೂರನೇ ಗುಂಡಿಗೆ ಅವನ ತಲೆ ಸಣ್ಣಗೆ ತೂಗಿತು. "ಸರಿ. ಹೋಗಿ ನಿಂತ್ಕೋ."

ಮಂಚದ ನಾಲ್ಕು ಕುಳಿಗಳ ನಡುವೆ ಹೋಗಿ ನಿಂತಳು. ಎದೆ ಓಡುತ್ತಲೇ ಇತ್ತು. ಪಿಯಾನೋ ಓಡಲಿಲ್ಲ. ಒಂದೊಂದೇ ಗುಂಡಿ ಹಾಕುತ್ತ ಬಂತು. ಮೊದಲ ಸಾಲು ಬಿರುಕು ದನಿಯಲ್ಲೇ ಬಂದಿತು. ಎರಡನೆಯ ಸಾಲು, ಬೆಳಿಗ್ಗೆ ಬಿಟ್ಟುಹೋಗಿದ್ದದ್ದು, ಈಗ ಬಂದು ಪಕ್ಕದಲ್ಲಿ ನಿಂತಿತು. ಬಸ್ಸು ಕಾಯುತ್ತಿತ್ತು. ಅಕ್ಕ ತಮ್ಮನಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಹಾಡು ಮುಗಿದಾಗ ಉಸಿರೂ ಸ್ವಲ್ಪ ಉಳಿದಿತ್ತು.

ಹೆಂಗಸು ಬಟ್ಟಲನ್ನು ಕೆಳಗಿಟ್ಟಳು. ಬ್ರಿನ್ "ಥ್ಯಾಂಕ್ ಯೂ"ಗೆ ಕಾದಳು. ಆ ಒಂದೇ ಮಾತಿಗೆ ಏನರ್ಥವೆಂದು ಕಾರಿಡಾರಿನ ಮಕ್ಕಳಿಗೆಲ್ಲ ಗೊತ್ತು.

"ಬೈಂಡರಲ್ಲಿ ಬೇರೆ ಏನಿದೆಯಮ್ಮ?" ಎಂದಳು ಹೆಂಗಸು.

ಇದಕ್ಕೂ ಏನರ್ಥವೆಂದು ಕಾರಿಡಾರಿಗೆ ಗೊತ್ತು: ಇನ್ನೊಂದು ಹಾಡು ಕೇಳುವಷ್ಟು ಹಿಡಿಸಿದೆ. ಬ್ರಿನ್‌ಳ ಹೆದರಿಕೆ ಇಳಿಯಲಿಲ್ಲ, ಇನ್ನೊಂದು ಮಹಡಿ ಮೇಲಕ್ಕೆ ಹತ್ತಿತು. ಪಿಯಾನೋ ಬಳಿ ಹೋಗಿ ಪುಟ ತಿರುವಲು ನೋಡಿದರೆ ಬೆರಳುಗಳು ಪುಟಕ್ಕೆ ಅಂಟಿಕೊಂಡವು. ಓರಿನ್ ಎಡಗೈ ಚಾಚಿ ಪುಟ ತಿರುವಿ, ಮತ್ತೆ ಮಗುಚದಂತೆ ಅದನ್ನು ಒತ್ತಿಹಿಡಿದ. ಬಲಗೈ ಆಗಲೇ ಮುಂದಿನ ಹಾಡಿನ ಮೊದಲ ಸ್ವರಗಳ ಮೇಲಿತ್ತು. ಕನ್ನಡಕ ಜಾರಿ ಮೂಗಿನ ತುದಿಗೆ ಬಂದಿತ್ತು.

ಬ್ರಿನ್ ಒಂದು ಬೆರಳಿನಿಂದ ಅದನ್ನು ಮೆಲ್ಲಗೆ ಮೇಲಕ್ಕೆ ತಳ್ಳಿದಳು.

ಆತ ತಲೆ ಅಲ್ಲಾಡಿಸದೆ, ಕನ್ನಡಕ ಕೂರುವವರೆಗೆ ಕಾದ. ಆಮೇಲೆ ಈ ಹಾಡಿಗೆ ಎಷ್ಟು ವೇಗವೆಂದು ಅವಳ ಕೈಯನ್ನೇ ನೋಡುತ್ತ ಕಾದ.