ಅರ್ಧ ಗಂಟೆ ನಿಂತ ಯಂತ್ರ

ನಮ್ಮ ರಕ್ತನಿಧಿಯ ಹಿಂದಿನ ಕೋಣೆಯಲ್ಲಿ ಒಂದು ಸರ್ವರ್ ಇದೆ. ಕಪ್ಪು ಪೆಟ್ಟಿಗೆಯಂಥ ಕಂಪ್ಯೂಟರ್. ರಕ್ತ ಕೊಡಲು ಒಪ್ಪಿದ ಮೂರು ಸಾವಿರ ಜನರ ಹೆಸರು, ಗುಂಪು, ಫೋನ್ ನಂಬರು ಎಲ್ಲ ಅದರೊಳಗಿವೆ. ಮಧ್ಯಾಹ್ನ ನೆಲ ಒರೆಸುವಾಗ ಅದರ ಗುಂಯ್ ಸದ್ದಿಗೆ ನನಗೆ ಮಂಪರು ಹತ್ತುತ್ತದೆ. ಅಷ್ಟೂ ಜನ ಒಳಗೆ ಸಾಲಾಗಿ ಮಲಗಿ ಉಸಿರಾಡುತ್ತಿದ್ದಾರೆ ಅನ್ನಿಸುತ್ತದೆ.

ನನ್ನ ಅಕ್ಕ ಎಂಟು ತಿಂಗಳ ಬಸುರಿ. ಅವಳದು ಓ ನೆಗೆಟಿವ್, ಸಿಗುವುದು ಕಷ್ಟ. ಹೆರಿಗೆಗೆ ರಕ್ತ ಬೇಕಾಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ಪಟ್ಟಿಯಲ್ಲಿ ಆ ಗುಂಪಿನವರು ಏಳೇ ಜನ.

ಸರ್ವರ್ ನೋಡಿಕೊಳ್ಳುವವರು ನಮ್ಮ ಚಿಕ್ಕಪ್ಪ. ನಾಲ್ಕು ವರ್ಷದಿಂದ ಅದನ್ನು ಒಂದು ಸಲವೂ ಆರಿಸಿಲ್ಲ ಅನ್ನುವುದೇ ಅವರ ಹೆಮ್ಮೆ. ದಿನಾ ಬೆಳಿಗ್ಗೆ ಪರದೆಯ ಮೇಲೆ 'ಅಪ್‌ಡೇಟ್ ಮಾಡಿ' ಎಂದು ಬರುತ್ತದೆ. ಚಿಕ್ಕಪ್ಪ ದಿನಾ 'ಆಮೇಲೆ' ಒತ್ತುತ್ತಾರೆ. ನಾನು ನೋಡುತ್ತೇನೆ, ಪೊರಕೆ ಎತ್ತಿಕೊಳ್ಳುತ್ತೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಏನು ಹೇಳಲಿ?

ಮೊನ್ನೆ ಪ್ರಿಂಟರ್ ಸರಿ ಮಾಡಲು ರಿಪೇರಿಯವರು ಬಂದರು. ಎಲ್ಲರೂ ಅವರನ್ನು ಸ್ಕ್ರೂ ಅತ್ತೆ ಅನ್ನುತ್ತಾರೆ. ಪ್ರಿಂಟರ್ ಸರಿ ಮಾಡಿ ಹೊರಡುವಾಗ ಪರದೆಯ ಮೇಲಿನ ಆ ಸೂಚನೆ ಕಂಡು ಹಾಗೇ ನಿಂತರು.

"ಇದು ಎಷ್ಟು ದಿನದಿಂದ ಬರ್ತಿದೆಯಪ್ಪಾ?"

"ಮೂರು ವಾರ ಆಗಿರ್ಬೇಕು. ಅದರ ಕೆಲಸವೇ ಕಾಟ ಕೊಡೋದು," ಚಿಕ್ಕಪ್ಪ ನಕ್ಕರು.

"ಕಾಟ ಅಲ್ಲ. ಪಟ್ಟಿ ಇಡೋ ಈ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ ಒಂದು ತೂತು ಸಿಕ್ಕಿದೆ. ಪಾಸ್‌ವರ್ಡ್ ಇಲ್ಲದೇನೇ ಒಳಗೆ ನುಗ್ಗಬಹುದು. ಮುಚ್ಚೋಕೆ ಅಂತ ಸಾಫ್ಟ್‌ವೇರ್ ಮಾಡಿದವರೇ ಈ ಅಪ್‌ಡೇಟಲ್ಲಿ ತೇಪೆ ಕಳ್ಸಿದಾರೆ. ನೀನು ದಿನಾ ಬಾಗಿಲಿಂದಲೇ ವಾಪಸ್ ಕಳಿಸ್ತಿದೀಯ."

"ನಮ್ಮ ಹತ್ರ ಕದಿಯೋಕೆ ಏನಿದೆ ಅತ್ತೆ? ರಕ್ತಕ್ಕೆ ಸೊಳ್ಳೆ ಬರ್ಬೇಕಷ್ಟೆ!"

"ಸೊಳ್ಳೆಗೆ ಫೋನ್ ನಂಬರು ಬೇಕಿಲ್ಲ, ಕಳ್ಳರಿಗೆ ಬೇಕು. ಇಡೀ ಪಟ್ಟಿಗೆ ಬೀಗ ಜಡಿದು ದುಡ್ಡು ಕೇಳ್ತಾರೆ. ಹೊರಗಿನಿಂದ ಇದಕ್ಕೆ ದಾರಿ ಇದೆಯಾ?"

ಚಿಕ್ಕಪ್ಪ ತಲೆ ಕೆರೆದುಕೊಂಡರು. "ಮನೇಲಿದ್ದಾಗ ಯಾರಾದ್ರೂ ಕೇಳಿದ್ರೆ ಮೊಬೈಲಲ್ಲೇ ನೋಡೋಣ ಅಂತ ನಾನೇ ಇಂಟರ್ನೆಟ್‌ಗೆ ತೆರೆದಿಟ್ಟೆ."

ಯಾರು ಯಾವಾಗ ಬಂದರು ಎಂದು ಸರ್ವರ್ ಬರೆದಿಡುವ ದಾಖಲೆಯನ್ನು ಅತ್ತೆ ನೋಡಿದರು. ಹತ್ತು ದಿನದಿಂದ ಯಾರೋ ಹೊರಗಿನವರು ಒಳಗೆ ಬರಲು ಮತ್ತೆ ಮತ್ತೆ ಬಾಗಿಲು ತಟ್ಟಿದ್ದರು. ಒಳಗೆ ಬಂದ ಗುರುತು ಇನ್ನೂ ಇರಲಿಲ್ಲ. ಪೆಟ್ಟಿಗೆಯೊಳಗೆ ಮಲಗಿದವರ ಕಿಟಕಿಯ ಆಚೆ ಯಾರದೋ ನೆರಳು ಸರಿದಾಡಿದಂತೆ ನನಗೆ ಅನ್ನಿಸಿತು.

"ಆದ್ರೂ ತೇಪೆ ಹಾಕೋಕೆ ಅರ್ಧ ಗಂಟೆ ನಿಲ್ಲಿಸ್ಬೇಕಲ್ಲ," ಎಂದರು ಚಿಕ್ಕಪ್ಪ. "ಆಗಲೇ ಯಾರಾದ್ರೂ ರಕ್ತ ಕೇಳಿದ್ರೆ? ನಿಲ್ಲಿಸಿದ್ದು ಮತ್ತೆ ಏಳದೇ ಹೋದ್ರೆ?"

"ಮೊದಲು ಪಟ್ಟಿಯ ಪೂರ್ತಿ ನಕಲು ತೆಗೆದು ಬೇರೆ ಕಡೆ ಇಡೋಣ. ಏಳದಿದ್ರೆ ಏಳ್ಸೋಕೆ ನಾನಿದೀನಿ. ಕಳ್ಳರ ಬೀಗ ಬಿದ್ರೆ ಮಾತ್ರ ನನ್ನ ಕೈಲೂ ಆಗಲ್ಲ."

ಒದ್ದೆ ಬಟ್ಟೆ ಇನ್ನೂ ನನ್ನ ಕೈಯಲ್ಲೇ ಇತ್ತು. "ಚಿಕ್ಕಪ್ಪಾ, ಪಟ್ಟಿ ಪ್ರಿಂಟ್ ತೆಗೆದು ಕೊಡಿ. ಅಕ್ಕನ ಗುಂಪಿನವರು ಮೊದಲಿರಲಿ. ಅಷ್ಟು ಹೊತ್ತು ಫೋನ್ ಹತ್ರ ನಾನು ಕೂತಿರ್ತೀನಿ."

"ಅಬ್ಬಾ, ಈ ಹುಡುಗಿಗೂ ಬಾಯಿದೆ!" ಅಂದರು ಅತ್ತೆ. ಚಿಕ್ಕಪ್ಪ ನಗಲಿಲ್ಲ. ಎದ್ದು ಪ್ರಿಂಟರಿಗೆ ಕಾಗದ ತುಂಬಿದರು.

ನಕಲು ತೆಗೆದಾಯಿತು. ನಾಲ್ಕು ವರ್ಷದ ಸದ್ದು ನಿಂತಿತು. ಬೀದಿಯ ಸೈಕಲ್ ಗಂಟೆ ನೀರಿನಡಿಯಿಂದ ಬಂದಂತೆ ಕೇಳಿತು. ಬಿಸಿಲ ಕೋಲಿನಲ್ಲಿ ಧೂಳು ತೇಲುತ್ತಿತ್ತು. ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ ಚಿಕ್ಕಪ್ಪ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತಿದ್ದರು. ಒಮ್ಮೆ ಫೋನ್ ಬಂತು, ಬಿ ಪಾಸಿಟಿವ್ ಬೇಕಂತೆ. ಬೆರಳಿಟ್ಟು ಹುಡುಕಿ ಇಬ್ಬರಿಗೆ ನಾನೇ ಫೋನ್ ಮಾಡಿದೆ. ಇಬ್ಬರೂ ಬರ್ತೀವಿ ಅಂದರು.

ತೇಪೆ ಕೂತಿತು, ಯಂತ್ರ ಎದ್ದಿತು. ಅತ್ತೆ ಹೊರಗಿನ ದಾರಿ ಮುಚ್ಚಿ ಪಾಸ್‌ವರ್ಡ್ ಬದಲಿಸಿದರು. ಚಿಕ್ಕಪ್ಪ ಮೊದಲು ಹುಡುಕಿದ್ದೇ ಓ ನೆಗೆಟಿವ್. ಮೆಲ್ಲಗೆ ಎಣಿಸಿದರು. "ಏಳೂ ಜನ ಇದಾರೆ ಕಣೇ, ಅಕ್ಕನಿಗೆ ಹೇಳು. ಇನ್ಮೇಲೆ ಸೂಚನೆ ಬಂದ ದಿನವೇ ತೇಪೆ ಹಾಕ್ತೀನಿ."

ಇದನ್ನು ಓದುತ್ತಿರುವ ಅಕ್ಕ, ಅಣ್ಣಂದಿರೇ, ನೀವು ಹೋಗುವ ಆಸ್ಪತ್ರೆ, ಶಾಲೆ, ಸಂಘದಲ್ಲೂ ಇಂಥದ್ದೊಂದು ಪೆಟ್ಟಿಗೆ ಇದ್ದೇ ಇರುತ್ತದೆ. ಅದರಲ್ಲಿ ನಿಮ್ಮ ಮನೆಯವರ ಹೆಸರಿರುತ್ತದೆ. ತೇಪೆ ಹಾಕಿದ್ದೀರಾ, ನಕಲು ಬೇರೆ ಕಡೆ ಇದೆಯಾ ಎಂದು ಅಲ್ಲಿಯವರನ್ನು ಕೇಳಿ. ಕೇಳಲು ದೊಡ್ಡ ಓದು ಬೇಕಿಲ್ಲ. 'ಆಮೇಲೆ' ಅಂದರೆ, ಅಲ್ಲೇ ನಿಂತು ಇನ್ನೊಂದು ಸಲ ಕೇಳಿ.