ಏಳನೆಯ ಮೊಳೆಯ ಹೆಲ್ಮೆಟ್ಟು

ಅಮೆರಿಕದ ಸ್ನೇಕ್ ನದಿಯ ಸೇತುವೆಯ ಐಡಹೋ ತುದಿಯಲ್ಲಿ, ಲೋರ್ನಾ ಕೆಚಲ್ ಎಂಬಾಕೆಯ ಹೋಟೆಲಿನ ಬಾಗಿಲ ಪಕ್ಕದ ಗೋಡೆಗೆ ಹನ್ನೊಂದು ಮೊಳೆ ಹೊಡೆಯಲಾಗಿದೆ ಎಂಬ ಸಂಗತಿಯನ್ನು ಎರಡು ರಾಜ್ಯಗಳ ಶಾಸನಸಭೆಗಳೂ ಇದುವರೆಗೆ ಗಮನಿಸದಿರುವುದು ವಿಷಾದದ ವಿಷಯ. ಪ್ರಜೆಯ ಸ್ವಾತಂತ್ರ್ಯ ಎಲ್ಲಿ ಮುಗಿದು ಸರಕಾರದ ಕೈ ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆಗೆ ಆ ಮೊಳೆಗಳಷ್ಟು ಖಚಿತವಾದ ಉತ್ತರ ಎರಡು ರಾಜಧಾನಿಗಳ ಯಾವ ಗ್ರಂಥದಲ್ಲೂ ಸಿಗುವುದಿಲ್ಲ.

ಸೇತುವೆಯಾಚೆ ವಾಷಿಂಗ್ಟನ್ ರಾಜ್ಯ. ಅಲ್ಲಿ ಬೈಕು ಹತ್ತಿದವನ ತಲೆಯ ಮೇಲೆ ಹೆಲ್ಮೆಟ್ಟು ಇರಲೇಬೇಕು. ಈಚೆ ಐಡಹೋ. ಇಲ್ಲಿ ಹದಿನೆಂಟು ದಾಟಿದವರ ತಲೆ ಅವರವರದೇ ಸೊತ್ತು. ಆಚೆ ದಡಕ್ಕೆ ಕೆಲಸಕ್ಕೆ ಹೋಗುವ ಐಡಹೋದ ಬೈಕಿನವರು ಮನೆಯಿಂದ ಬರಿತಲೆಯಲ್ಲಿ ಹೊರಟು, ಲೋರ್ನಾಳ ಗೋಡೆಯಿಂದ ತಮ್ಮ ತಮ್ಮ ಹೆಲ್ಮೆಟ್ಟು ತೆಗೆದುಕೊಂಡು, ಮುಖ ಗಂಟಿಕ್ಕಿಕೊಂಡು ಸೇತುವೆ ದಾಟುತ್ತಿದ್ದರು. ಸಂಜೆ ಬಂದು ಅದನ್ನು ಮೊಳೆಗೆ ಹಾಕಿ, ಕಾಫಿ ಕುಡಿದು, ಕೂದಲು ಹಾರಿಸಿಕೊಂಡು ಬೆಟ್ಟದ ರಸ್ತೆ ಹಿಡಿಯುತ್ತಿದ್ದರು. ಮೊಳೆಗೆ ಬಾಡಿಗೆಯಿರಲಿಲ್ಲ. ಬಾಡಿಗೆ ಕಾಫಿಯಲ್ಲಿ ಸೇರಿತ್ತು.

ಏಳನೆಯ ಮೊಳೆಯ ಧಣಿ ಸತ್ತು ಎರಡು ವರ್ಷವಾಗಿತ್ತು. ಅವನು ಲೋರ್ನಾಳ ತಮ್ಮ ಹಾಲಿಸ್. ಹೆಲ್ಮೆಟ್ಟು ಮಾತ್ರ ಇನ್ನೂ ಅಲ್ಲೇ ತೂಗುತ್ತಿತ್ತು. ಕಪ್ಪು ಬಣ್ಣ, ಎಡಗಡೆ ಒಂದು ಗೀರು.

ಪ್ರತಿ ಸಂಜೆ ಅಂಗಡಿ ಮುಚ್ಚುವ ಮುಂಚೆ ಲೋರ್ನಾ ಅದರ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಹೋಗುತ್ತಿದ್ದಳು. ಬೆಳಿಗ್ಗೆ ಐದಕ್ಕೆ ಬಂದು ದೀಪ ಹಾಕಿದರೆ ಅದು ಉಗ್ರಾಣದ ಬಾಗಿಲನ್ನು ನೋಡುತ್ತಿರುತ್ತಿತ್ತು. ಮೊದಮೊದಲು ತನ್ನದೇ ಮರೆವು ಅಂದುಕೊಂಡಳು. ಆಮೇಲೆ ಒಲೆಯ ಮುಂದೆ ಮೂವತ್ತು ವರ್ಷದಿಂದ ನಿಂತಿರುವ ಅಡುಗೆಯವ ಓರಿನ್‌ನನ್ನು ಕೇಳಿದಳು. ಗೋಧಿ ಲಾರಿಗಳು ಸೇತುವೆ ಹತ್ತುವಾಗ ಗೋಡೆ ನಡುಗುತ್ತದೆ, ಅದಕ್ಕೇ ತಿರುಗುತ್ತದೆ ಎಂದು ಅವನು ತೀರ್ಪು ಕೊಟ್ಟ. ಹಾಗಾದರೆ ಉಳಿದ ಹತ್ತು ಯಾಕೆ ತಿರುಗುವುದಿಲ್ಲ ಎಂದಾಗ ಮೊಟ್ಟೆ ಮಗುಚಿ ಹಾಕುತ್ತ ಹೇಳಿದ:

"ಅವನ್ನ ದಿನಾ ಹಾಕ್ಕೊಂಡು ತಿರುಗ್ತಾರಲ್ಲ. ಅವಕ್ಕೆ ಸುಸ್ತು."

ಒಂದು ದಿನ ಧೂಳು ಒರೆಸಲೆಂದು ಒಳಗೆ ಕೈ ಹಾಕಿದಳು. ಒಳಗಿನ ಬಟ್ಟೆ ಬೆಚ್ಚಗಿತ್ತು, ಈಗ ತಾನೇ ಯಾರೋ ತಲೆಯಿಂದ ತೆಗೆದಿಟ್ಟ ಹಾಗೆ. ಗೋಡೆಯ ಹಿಂದೆ ಬಿಸಿನೀರಿನ ಕೊಳವೆ ಇದೆ ಎಂದು ಓರಿನ್ ಅದಕ್ಕೂ ಕಾರಣ ಕೊಟ್ಟ. ಕೊಳವೆ ಎದುರು ಗೋಡೆಯಲ್ಲಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಇದೆಲ್ಲವನ್ನೂ ಲೋರ್ನಾ ಹೇಗೋ ಸಹಿಸುತ್ತಿದ್ದಳು. ಸಹಿಸಲಾಗದ್ದು ಸಂಜೆ ನಾಲ್ಕು ನಲವತ್ತರ, ಅಂದರೆ ಹಾಲಿಸ್ ದಿನಾ ಬರುತ್ತಿದ್ದ ಹೊತ್ತಿನ, ಸದ್ದು. ಸೇತುವೆ ಮುಗಿಯುವಲ್ಲಿ ಬೈಕೊಂದು ವೇಗ ಇಳಿಸುತ್ತದೆ, ತಟ್ಟೆಗಳು ಸಣ್ಣಗೆ ಕಿಣಿಗುಟ್ಟುತ್ತವೆ, ಇಂಜಿನ್ನು ನಿಲ್ಲುತ್ತದೆ. ಬಾಗಿಲು ತೆರೆಯುವುದಿಲ್ಲ. ಅಷ್ಟರಲ್ಲಿ ಅವಳ ಕೈ ತನ್ನಷ್ಟಕ್ಕೆ ಒಂದು ಲೋಟ ಕಾಫಿ ಬಗ್ಗಿಸಿ ಕೌಂಟರಿನ ತುದಿಯಲ್ಲಿ ಇಟ್ಟಿರುತ್ತದೆ. ಆರುವವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ. ಆರಿದ ಮೇಲೆ ಓರಿನ್ ಚೆಲ್ಲುತ್ತಾನೆ.

ಅಕ್ಕ ತಮ್ಮಂದಿರ ನಡುವೆ ಪ್ರೀತಿಗೇನೂ ಕೊರತೆಯಿರಲಿಲ್ಲ. ಅದನ್ನು ಅವರು ಜಗಳದ ರೂಪದಲ್ಲಿ ಚಲಾಯಿಸುತ್ತಿದ್ದರು. ಲೋರ್ನಾ ಅಂಗಡಿ ಇಟ್ಟದ್ದು ಐಡಹೋದಲ್ಲಿ, ಮಲಗುತ್ತಿದ್ದುದು ವಾಷಿಂಗ್ಟನ್ನಿನಲ್ಲಿ. ಹಾಲಿಸ್ ಮಲಗುತ್ತಿದ್ದುದು ಐಡಹೋದ ಬೆಟ್ಟದ ಮೇಲೆ, ದುಡಿಯುತ್ತಿದ್ದುದು ವಾಷಿಂಗ್ಟನ್ನಿನ ದಡದಲ್ಲಿ ದೋಣಿಗಳಿಗೆ ಗೋಧಿ ತುಂಬುವ ಕಟ್ಟೆಯಲ್ಲಿ. ಐಡಹೋ ಸಂಪ್ರದಾಯಸ್ಥರ ರಾಜ್ಯ, ವಾಷಿಂಗ್ಟನ್ ಉದಾರವಾದಿಗಳದು. ಸ್ವಾತಂತ್ರ್ಯದ ಮೇಲೆ ಎರಡಕ್ಕೂ ಎಷ್ಟು ಅಕ್ಕರೆಯೆಂದರೆ, ಕಳೆದುಹೋದೀತೆಂದು ತಲಾ ಅರ್ಧರ್ಧವನ್ನು ಬೀಗ ಹಾಕಿ ಇಟ್ಟುಕೊಂಡಿದ್ದವು. ಯಾರ ಬೀಗ ಹೆಚ್ಚು ಮೂರ್ಖತನದ್ದು ಎಂಬುದನ್ನು ತೀರ್ಮಾನಿಸುವುದು ಈ ಇಬ್ಬರ ಹದಿನೆಂಟು ವರ್ಷಗಳ ಕೆಲಸ. ಉಗ್ರಾಣದ ಬಾಗಿಲಿನ ಒಳಮೈಯಲ್ಲಿ ಸೀಮೆಸುಣ್ಣದ ಎರಡು ಸಾಲು, ಅವರವರ ಹೆಸರಿನ ಕೆಳಗೆ. ಎದುರು ರಾಜ್ಯದ ಹೊಸ ಅವಿವೇಕ ಒಂದನ್ನು ಹಿಡಿದು ತಂದವರಿಗೆ ಒಂದು ಗೀಟು.

ವಾಷಿಂಗ್ಟನ್ನಿನ ಅಂಗಡಿಗಳಲ್ಲಿ ಮಾರುವ ಗಾಂಜಾಕ್ಕೆ ಐಡಹೋದಲ್ಲಿ ಜೈಲು, ಲೋರ್ನಾಳಿಗೆ ಗೀಟು. ಇಬ್ಬರೂ ಅದನ್ನು ಸೇದಿದವರಲ್ಲ. ಐಡಹೋದಲ್ಲಿ ಕೇಳುವವರಿಲ್ಲದೆ ಮಾರುವ ಕೆಲವು ಬಂದೂಕುಗಳ ಮಾರಾಟವನ್ನು ವಾಷಿಂಗ್ಟನ್ ನಿಲ್ಲಿಸಿತು, ಹಾಲಿಸ್‌ಗೆ ಗೀಟು. ವಾಷಿಂಗ್ಟನ್ ತೆಳು ಪ್ಲಾಸ್ಟಿಕ್ ಚೀಲ ನಿಷೇಧಿಸಿತು, ಹಾಲಿಸ್ ಕುಣಿದ. ಐಡಹೋದಲ್ಲಿ ಯಾವ ಊರೂ ಚೀಲ ನಿಷೇಧಿಸಕೂಡದು ಎಂಬ ನಿಷೇಧವಿದೆ ಎಂದು ಲೋರ್ನಾ ಪತ್ರಿಕೆ ತಂದು ತೋರಿಸಿದಳು, ಹಾಲಿಸ್ ಕೂತ. ಸರಕಾರ ಜನರ ತಂಟೆಗೆ ಬರಬಾರದು ಎನ್ನುವ ಐಡಹೋದಲ್ಲಿ ವಿಸ್ಕಿಯನ್ನು ಸರಕಾರವೇ ಅಂಗಡಿ ತೆರೆದು ಮಾರುತ್ತದೆ ಎಂಬುದು ಅವಳು ತೀರಾ ಅಗತ್ಯ ಬಿದ್ದಾಗ ಹೊರಗೆ ತೆಗೆಯುವ ಅಸ್ತ್ರ. ಹೋಟೆಲಿನಲ್ಲಿ ತಟ್ಟೆ ಎತ್ತುತ್ತಿದ್ದ ಹುಡುಗಿಯೊಬ್ಬಳು ಐಡಹೋದ ಕಾನೂನು ತೆಗೆಸಲು ಬಿಡದ, ಬೇಡದ ಬಸಿರಿಗಾಗಿ ಒಂದು ಮಂಗಳವಾರ ಸೇತುವೆಯಾಚೆ ಹೋಗಿ ಬಂದು, ಮೂರು ದಿನ ಯಾರ ಮುಖವನ್ನೂ ನೋಡಲಿಲ್ಲ. ಆ ವಾರ ಇಬ್ಬರೂ ಸೀಮೆಸುಣ್ಣ ಮುಟ್ಟಲಿಲ್ಲ. ಹಾಲಿಸ್ ಆ ಹುಡುಗಿಯ ಸೈಕಲ್ಲಿಗೆ ಎಣ್ಣೆ ಬಿಟ್ಟುಕೊಟ್ಟ.

ಅವನು ಅಕ್ಕನನ್ನು ಕರೆಯುತ್ತಿದ್ದುದು ಗವರ್ನರಮ್ಮ ಎಂದು. ಅವಳು ಅವನ ಬರಿತಲೆಯನ್ನು ನೋಡಿ, ಒಳಗೆ ಕಾಪಾಡುವಂಥದ್ದು ಏನೂ ಇಲ್ಲದಿದ್ದರೆ ಮುಚ್ಚಳ ಯಾಕೆ ಬೇಕು ಬಿಡು, ಎನ್ನುತ್ತಿದ್ದಳು. ಹೆಲ್ಮೆಟ್ಟು ಹಾಕಿಕೊಂಡೇ ಮನೆಗೆ ಹೋಗು ಎಂದು ಮಾತ್ರ ಅವಳು ದಿನಾ ಹೇಳುತ್ತಿದ್ದಳು. ಅವನು ದಿನಾ ಕೇಳುತ್ತಿರಲಿಲ್ಲ.

ಎರಡು ವರ್ಷದ ಹಿಂದಿನ ಅಕ್ಟೋಬರಿನಲ್ಲಿ, ಬೆಟ್ಟದ ರಸ್ತೆಯಲ್ಲಿ, ಇನ್ನೂ ಬೆಳಕಿರುವಾಗಲೇ, ಜಿಂಕೆಯೊಂದು ಅವನ ಬೈಕಿಗೆ ಅಡ್ಡ ಬಂತು. ವೇಗ ಹೆಚ್ಚಿರಲಿಲ್ಲ. ಕೈಕಾಲಿಗೆ ತರಚು ಗಾಯ. ತಲೆ ಮಾತ್ರ ಕಲ್ಲಿಗೆ ಬಡಿದಿತ್ತು. ಹಾಲಿಸ್ ಸ್ವತಂತ್ರನಾಗಿ ಬದುಕಿದ, ಸ್ವತಂತ್ರನಾಗಿ ಹೋದ ಎಂದು ಪಾದ್ರಿ ಶವದ ಮುಂದೆ ಹೇಳಿದರು. ಅವನ ಒಬ್ಬಳೇ ಮಗಳು ಡಾರ್ಬಿ ಆ ಮಾತನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಲೋರ್ನಾ ಆಗ ಎದ್ದು ಹೊರಗೆ ಹೋದಳು. ದುಃಖ ತಡೆಯಲಾಗಲಿಲ್ಲ ಅಂದುಕೊಂಡರು ಜನ.

ಈ ವರ್ಷ ಸೆಪ್ಟೆಂಬರಿನ ಒಂದು ಗುರುವಾರ ನಾಲ್ಕು ನಲವತ್ತಕ್ಕೆ ಬೈಕಿನ ಸದ್ದು ಕೇಳಿತು. ತಟ್ಟೆಗಳು ಕಿಣಿಗುಟ್ಟಿದವು. ಇಂಜಿನ್ನು ನಿಂತಿತು. ಲೋರ್ನಾಳ ಕೈ ಕಾಫಿ ಬಗ್ಗಿಸಿತು. ಈ ಸಲ ಬಾಗಿಲು ತೆರೆಯಿತು.

ಲೋಟ ಕೈಯಿಂದ ಜಾರಲಿಲ್ಲ ಎಂಬುದು ಅವಳಿಗೇ ಆಮೇಲೆ ಆಶ್ಚರ್ಯ ತಂದ ಸಂಗತಿ. ಬಾಗಿಲಲ್ಲಿ ನಿಂತಿದ್ದವಳು ಡಾರ್ಬಿ. ಗಾಳಿಗೆ ಕೂದಲು ಜಡೆಗಟ್ಟಿತ್ತು, ಕಣ್ಣಲ್ಲಿ ನೀರು, ಮುಖದಲ್ಲಿ ಅಪ್ಪನದೇ ಗೆಲುವು. ಹೊರಗೆ ನಿಂತಿದ್ದುದು ಹಾಲಿಸನ ಬೈಕು. ಅಂಕುಡೊಂಕಾಗಿದ್ದ ಅದನ್ನು ಎರಡು ವರ್ಷ ಕೂಡಿಹಾಕಿದ ದುಡ್ಡಿನಲ್ಲಿ ಸರಿಮಾಡಿಸಿದ್ದಾಳೆ. ಕೌಂಟರಿನ ತುದಿಯ ಲೋಟವನ್ನು ಎತ್ತಿ ಕುಡಿದಳು. ಎರಡು ವರ್ಷದಲ್ಲಿ ಆ ಕಾಫಿ ಆರುವ ಮುಂಚೆ ಖಾಲಿಯಾದದ್ದು ಅದೇ ಮೊದಲು. ಸೋಮವಾರದಿಂದ ಆಚೆ ದಡದಲ್ಲಿ, ಅಪ್ಪನ ಕಟ್ಟೆಯಲ್ಲೇ, ತನಗೆ ಕೆಲಸ ಸಿಕ್ಕಿದೆ ಎಂದಳು.

"ಏಳನೇ ಮೊಳೆ ನಂದು ಇನ್ಮೇಲೆ, ಲೋರ್ನಾ ಅತ್ತೆ. ಹೆಲ್ಮೆಟ್ ಬೇರೆ ತರಲ್ಲ. ಅಪ್ಪಂದೇ ಸಾಕು. ಆಚೆ ಹೋಗೋವಾಗ ಹಾಕ್ಕೋತೀನಿ, ಬಂದ್ಮೇಲೆ ನೇತುಹಾಕ್ತೀನಿ. ಅವನ ಹಾಗೇ."

"ಮನೆಗೆ ಹೋಗೋವಾಗ?"

"ಮನೆಗೆ ಹೋಗೋವಾಗ ಯಾರು ಹಾಕ್ಕೋತಾರೆ? ಅಪ್ಪ ಒಂದಿನನಾದ್ರೂ ಹಾಕ್ಕೊಂಡಿದ್ನಾ?"

ಸುತ್ತ ಕೂತಿದ್ದ ಬೈಕಿನವರು ತಮ್ಮ ತಮ್ಮ ತಟ್ಟೆಯ ಹಣ್ಣಿನ ಪೈ ತುಂಡುಗಳನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು. ಹೆಲ್ಮೆಟ್ಟು ಉಗ್ರಾಣದ ಬಾಗಿಲನ್ನು ನೋಡುತ್ತಿತ್ತು. ಅಂದು ಮಧ್ಯಾಹ್ನ ಲೋರ್ನಾ ಅದನ್ನು ಗೋಡೆಗೆ ತಿರುಗಿಸಿದ್ದಳು.

ಸುಮ್ಮನಿದ್ದರೆ ಸೋದರಸೊಸೆ ದಿನಾ ಬರುತ್ತಾಳೆ, ಆ ಲೋಟದ ಕಾಫಿ ಕುಡಿಯುತ್ತಾಳೆ, ಅದೇ ರಸ್ತೆಯಲ್ಲಿ ಬರಿತಲೆಯಲ್ಲಿ ಬೆಟ್ಟ ಹತ್ತುತ್ತಾಳೆ. ಬಾಯಿ ಬಿಟ್ಟರೆ ಪಾದ್ರಿಯ ಮಾತು ಅವಳ ಕೈಯಿಂದ ಹೋಗುತ್ತದೆ, ಅದರ ಜೊತೆ ಅತ್ತೆಯೂ. ಲೋರ್ನಾ ಅರ್ಧ ನಿಮಿಷ ಕೌಂಟರು ಒರೆಸಿದಳು. ಆಗಲೇ ಒರೆಸಿದ್ದ ಜಾಗವನ್ನೇ ಮತ್ತೆ ಒರೆಸಿದಳು. ಆಮೇಲೆ ಡಾರ್ಬಿಯ ತೋಳು ಹಿಡಿದು ಉಗ್ರಾಣದ ಬಾಗಿಲಿಗೆ ಕರೆದೊಯ್ದು, ಬಾಗಿಲ ಒಳಮೈ ತೋರಿಸಿದಳು. ಅಪ್ಪನ ಅಕ್ಷರ ಕಂಡು ಡಾರ್ಬಿ ನಕ್ಕಳು. ಎಣಿಸಿದಳು. ಅವನದು ಇಪ್ಪತ್ತೆರಡು, ಅತ್ತೆಯದು ಇಪ್ಪತ್ತಮೂರು.

"ನಿನ್ನ ಕೊನೇದು ಯಾತಕ್ಕೆ?"

ಲೋರ್ನಾ ಹೇಳಿದಳು. ಜಿಂಕೆ ಅಡ್ಡ ಬಂದ ಆ ದಿನ ಹಾಲಿಸ್ ಆಚೆ ದಡದಿಂದ ಬಂದವನು ಹೆಲ್ಮೆಟ್ಟನ್ನು ಮೊಳೆಗೆ ಹಾಕಲಿಲ್ಲ. ಪಟ್ಟಿ ಸಡಿಲಿಸಿ, ತಲೆಯ ಮೇಲೇ ಇಟ್ಟುಕೊಂಡು ಕಾಫಿ ಕುಡಿದ. ಯಾಕೆ ಎಂದು ಕೇಳಿದ್ದಕ್ಕೆ, ಗೋಧಿ ಕುಯ್ಲಾದ ಮೇಲೆ ಜಿಂಕೆಗಳು ರಸ್ತೆಗೆ ಇಳಿದಿವೆಯಂತೆ, ಇವತ್ತು ಹಾಕಿಕೊಂಡೇ ಹೋಗುತ್ತೇನೆ ಎಂದ. ಹದಿನೆಂಟು ವರ್ಷ ಅವಳು ಕೇಳಬಯಸಿದ್ದ ಮಾತು. ಕೇಳಿದವಳು ಮಾಡಿದ್ದೇನು? ಸೌಟಿನಿಂದ ಪಾತ್ರೆ ಬಾರಿಸಿದಳು. ಐಡಹೋ ಬಿದ್ದುಹೋಯಿತು, ಎಲ್ಲರೂ ಸಾಕ್ಷಿ ಎಂದು ಸಾರಿದಳು. ಉಗ್ರಾಣಕ್ಕೆ ಓಡಿ ಗೀಟು ಎಳೆದಳು. ಅಲ್ಲಿದ್ದ ಆರು ಮಂದಿ ಬೈಕಿನವರು ಮೇಜು ಕುಟ್ಟಿ ನಕ್ಕರು. ಹಾಲಿಸನ ಕಿವಿ ಕೆಂಪಾಯಿತು. ಹೆಲ್ಮೆಟ್ಟು ತೆಗೆದು ಏಳನೆಯ ಮೊಳೆಗೆ ಹಾಕಿದ.

"ಈಗ ಅಳಿಸು, ಗವರ್ನರಮ್ಮ" ಅಂದ.

ಅವಳು ಅಳಿಸಲಿಲ್ಲ. ಬರೆದದ್ದು ಬರೆದಾಯಿತು ಎಂದು ಬೀಗಿದಳು. ಅವನೂ ನಗುತ್ತಲೇ ಹೊರಟ. ಸದ್ದು ತಿರುವಿನಲ್ಲಿ ಸಣ್ಣದಾಗುವವರೆಗೂ ಅವಳ ಕೈಯಲ್ಲಿ ಸೀಮೆಸುಣ್ಣವಿತ್ತು. ನಕ್ಕ ಆರು ಮಂದಿ ಆ ಸಂಜೆಯ ಬಗ್ಗೆ ಎಂದೂ ಬಾಯಿ ಬಿಡಲಿಲ್ಲ. ಮೊಳೆ ಸಾಲದೆ ಹೋದಾಗಲೂ ಏಳನೆಯದನ್ನು ಮುಟ್ಟಲಿಲ್ಲ.

ಡಾರ್ಬಿ ಆ ಕೊನೆಯ ಗೀಟಿನ ಮೇಲೆ ಬೆರಳಿಟ್ಟಳು. ನದಿದಂಡೆಯ ಕಾಗದದ ಕಾರ್ಖಾನೆಯ ಕೊಳೆತ ವಾಸನೆ ಕಿಟಕಿಯಿಂದ ಬರುತ್ತಿತ್ತು. ಎರಡೂ ರಾಜ್ಯಗಳಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಓಡಾಡುವುದು ಅದೊಂದೇ.

"ಆಮೇಲಾದ್ರೂ ಅಳಿಸ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

"ಬಟ್ಟೆ ಒದ್ದೆ ಮಾಡ್ಕೊಂಡು ಎಷ್ಟೋ ಸಲ ಬಂದೆ. ಕೈ ಎತ್ತಕ್ಕಾಗ್ಲಿಲ್ಲ. ಅವನು ಹೇಳಿದಾಗ ಅಳಿಸದೆ, ಈಗ ಅಳಿಸಿದ್ರೆ..."

"ಹಾಗಾದ್ರೆ ನೀನೇ ಗೆದ್ದೆ, ಅತ್ತೆ."

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಹವಾಮಾನ ಹೇಳುವ ಹಾಗೆ ಹೇಳಿದಳು. ಸಿಟ್ಟಾಗಿದ್ದರೆ ಲೋರ್ನಾಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಡಾರ್ಬಿ ಗೋಡೆಯ ಹತ್ತಿರ ಹೋಗಿ ಹೆಲ್ಮೆಟ್ಟನ್ನು ಮೊಳೆಯಿಂದ ಬಿಡಿಸಿದಳು. ಒಳಗೆ ಕೈ ಹಾಕಿದವಳು ಹಾಗೇ ನಿಂತಳು.

"ಇದ್ಯಾಕೆ ಬೆಚ್ಚಗಿದೆ?"

ಲೋರ್ನಾ ಓರಿನ್‌ನ ಕಡೆ ನೋಡಿದಳು. ಎಲ್ಲಕ್ಕೂ ಕಾರಣ ಇಟ್ಟುಕೊಂಡಿರುತ್ತಿದ್ದ ಓರಿನ್ ಒಲೆಯ ಉರಿ ಸಣ್ಣ ಮಾಡಿದ. ಬೈಕಿನವರಲ್ಲೊಬ್ಬ ತನ್ನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಡಾರ್ಬಿ ಜಡೆಗಟ್ಟಿದ ಕೂದಲನ್ನು ಹಿಂದಕ್ಕೆ ತಳ್ಳಿ, ಹೆಲ್ಮೆಟ್ಟನ್ನು ತಲೆಗೆ ಇಳಿಸಿ, ಗದ್ದದ ಕೆಳಗೆ ಪಟ್ಟಿ ಬಿಗಿದಳು. ಅದು ಅವಳಿಗೆ ತುಸು ದೊಡ್ಡದಾಯಿತು. ಹೊರಗೆ ಇಂಜಿನ್ನು ಹೊತ್ತಿತು. ಸೇತುವೆಗೆ ಬೆನ್ನು ಹಾಕಿ, ಐಡಹೋದ ಬೆಟ್ಟದ ಕಡೆಗೆ ಸದ್ದು ಏರುತ್ತ ಹೋಯಿತು. ತಿರುವು ದಾಟಿದ ಮೇಲೂ ಹೋಟೆಲಿನಲ್ಲಿದ್ದವರು ಕಿವಿಗೊಟ್ಟು ಕೂತಿದ್ದರು.

ಡಾರ್ಬಿ ಸೋಮವಾರದಿಂದ ಕಟ್ಟೆಯ ಕೆಲಸಕ್ಕೆ ಹೋಗುತ್ತಿದ್ದಾಳೆ. ಎರಡೂ ದಡಗಳಲ್ಲಿ ಹೆಲ್ಮೆಟ್ಟು ಹಾಕಿಕೊಳ್ಳುತ್ತಾಳೆ. ನಾಲ್ಕು ನಲವತ್ತಕ್ಕೆ ಸೇತುವೆ ದಾಟುತ್ತಾಳೆ, ಹೋಟೆಲಿನ ಮುಂದೆ ನಿಲ್ಲಿಸುವುದಿಲ್ಲ.