ಮಡಿವಾಳ ಹಕ್ಕಿಯ ಕೌದಿ

ಶನಿವಾರ ಬೆಳಿಗ್ಗೆ ಅಗ್ರಹಾರದ ಗಿರಿಜಾಂಬಾ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುನ್ನವೇ ಸೂಜಿ ಎಣಿಸಲು ಕೂತಳು. ಆರು. ಗುರುವಾರವೂ ಆರು, ಶುಕ್ರವಾರವೂ ಆರು. ಇರಬೇಕಾದದ್ದು ಏಳು. ಕಾಣದಿದ್ದದ್ದು ಅವಳ ತಾಯಿಯ ಸೂಜಿ. ಉದ್ದನೆಯದು, ದೊಡ್ಡ ಕಣ್ಣಿನದು.

ಒಂದು ತಿಂಗಳಿಂದ ಅವಳೂ ಪಕ್ಕದ ಬೀದಿಯ ಚಾಮುಂಡಮ್ಮನೂ ಸೇರಿ ಕೌದಿ ಹೊಲಿಯುತ್ತಿದ್ದರು. ಸೋಮವಾರ ಕುವೆಂಪುನಗರದಲ್ಲಿ ಗಿರಿಜಾಂಬಾಳ ಮಗಳು ಶಿವಾನಿಯ ಕೂಸಿಗೆ ತೊಟ್ಟಿಲ ಶಾಸ್ತ್ರ. ಕೌದಿಯ ನಡುವೆ ಮಡಿವಾಳ ಹಕ್ಕಿ. ದಿನಾ ಬೆಳಗಾದರೆ ಹಿತ್ತಲ ಗೋಡೆಯ ಮೇಲೆ ಕೂತು ಹಾಡುತ್ತದಲ್ಲ, ಅದೇ. ರೆಕ್ಕೆಗೆ ಅತ್ತೆಯ ಕರಿ ಸೀರೆ, ಹೊಟ್ಟೆಗೆ ಗಂಡ ರುದ್ರಸ್ವಾಮಿಯ ಸವೆದ ಪಂಚೆ. ಹೊಟ್ಟೆ ಉಬ್ಬಿ ಕಾಣಲೆಂದು ಒಳಗೆ ಹಳೆ ಬಟ್ಟೆಯ ಎಂಟು ಮಡಿಕೆ. ಹಸಿದ ಹಕ್ಕಿಯನ್ನು ಕೂಸಿಗೆ ಹೊದಿಸುವುದು ಅವಳಿಗೆ ಸರಿ ಕಾಣಲಿಲ್ಲ.

ಸೂಜಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ಇಬ್ಬರ ತವರಿನಲ್ಲೂ ಹೇಳುತ್ತಿದ್ದರು. ಅದಕ್ಕೆ ಒಬ್ಬಳು ಬಟ್ಟೆಗೆ ಚುಚ್ಚಿಡುವಳು, ಇನ್ನೊಬ್ಬಳು ಅಲ್ಲಿಂದ ತೆಗೆದುಕೊಳ್ಳುವಳು. ಬುಧವಾರವೂ ಹಾಗೆಯೇ, ಗಿರಿಜಾಂಬಾ ಬಿಳಿ ದಾರ ಪೋಣಿಸಿದ ತಾಯಿಯ ಸೂಜಿಯನ್ನು ಪಂಚೆಗೆ ಚುಚ್ಚಿ, ಒಲೆಯ ಮೇಲಿನ ಹಾಲು ನೋಡಲು ಎದ್ದಿದ್ದಳು. ಬರುವಷ್ಟರಲ್ಲಿ ಚಾಮುಂಡಮ್ಮ ಹಕ್ಕಿಯ ಹೊಟ್ಟೆ ಹೊಲಿದು ಮುಗಿಸಿ, ಚೀಲಕ್ಕೆ ಏನನ್ನೋ ಹಾಕಿಕೊಳ್ಳುತ್ತಿದ್ದಳು.

"ಮಹೇಂದ್ರ ಗಾಡಿ ತಂದವ್ನೆ ಕಣಕ್ಕ, ಬತ್ತೀನಿ" ಎಂದವಳೇ ಮಗನ ಸ್ಕೂಟರ್ ಹತ್ತಿ ಹೊರಟಳು. ಆಮೇಲೆ ಎರಡು ದಿನ ಇತ್ತ ತಲೆ ಹಾಕಲಿಲ್ಲ.

ಆ ಸೂಜಿಯನ್ನು ಬೆಳಕಿಗೆ ಹಿಡಿದು, ಇಂಥದ್ದು ಈಗ ಎಲ್ಲಿ ಸಿಕ್ತದೆ ಎಂದವಳು ಅವಳೇ ಅಲ್ಲವೇ? ಕರೆಯದೆ ಹೊಲಿಯಲು ಬಂದಳಲ್ಲ, ಯಾಕೆ? ಶುಕ್ರವಾರ ಫೋನ್ ಮಾಡಿದರೆ ಮಗ ಎತ್ತಿ, "ಅಮ್ಮ ಮಲಗವ್ರೆ" ಎಂದ. ಹಗಲು ಹನ್ನೊಂದು ಗಂಟೆಗೆ ಮಲಗುವ ಹೆಂಗಸೇ ಅವಳು ಎಂದು ಗಿರಿಜಾಂಬಾ ಗೊಣಗಿದಳು.

ಪೇಪರ್ ಓದುತ್ತಿದ್ದ ರುದ್ರಸ್ವಾಮಿ ತಲೆ ಎತ್ತದೆ ಕೇಳಿದ. "ಹಕ್ಕಿ ಹೊಟ್ಟೆ ಬಿಚ್ಚಿ ನೋಡಿದ್ಯಾ?"

"ಬಿಚ್ಚೋಕೆ ಅದೇನು ದಿಂಬಿನ ಚೀಲವೇನ್ರೀ? ಕೈಯಾಡಿಸಿ ನೋಡಿದೀನಿ. ಏನೂ ಇಲ್ಲ."

"ಎಂಟು ಮಡಿಕೆ ಒಳಗಿರೋದು ಕೈಗೇನು ಸಿಗುತ್ತೆ? ಚಾಮುಂಡಮ್ಮನ ಮನಸ್ಸನ್ನ ನೀನು ಇಲ್ಲಿ ಕೂತೇ ಬಿಚ್ಚಿ ನೋಡ್ಬುಟ್ಟೆ. ಇದನ್ನ ಬಿಚ್ಚೋಕಾಗಲ್ವಾ?"

ಗಿರಿಜಾಂಬಾ ಹಕ್ಕಿಯ ಹೊಟ್ಟೆಯನ್ನು ಇನ್ನೊಮ್ಮೆ ಸವರಿದಳು. ಸೂಜಿ ಚಾಮುಂಡಮ್ಮನ ಚೀಲದಲ್ಲಿದ್ದರೆ ಹಕ್ಕಿ ಉಳಿಯುತ್ತಿತ್ತು. ಹಾಗೇ ಇರಲಿ ಎಂದು ತನ್ನ ಮನಸ್ಸು ಬೇಡಿಕೊಳ್ಳುತ್ತಿರುವುದು ಅವಳಿಗೆ ತಿಳಿಯದೆ ಇರಲಿಲ್ಲ.

ಅಷ್ಟರಲ್ಲಿ ಚಾಮುಂಡಮ್ಮನೇ ಬಂದಳು. ಕಪ್ಪು ಕನ್ನಡಕ, ಒಂದು ಕೈ ಗೋಡೆ ಸವರುತ್ತಿತ್ತು. ಗಿರಿಜಾಂಬಾ ಕೂರು ಎನ್ನಲಿಲ್ಲ, ನೀರು ಕೊಡಲಿಲ್ಲ.

"ನಮ್ಮವ್ವನ ಸೂಜಿ ಎಲ್ಲಿ?"

"ಯಾವ ಸೂಜಿ? ನಾನು ನನ್ನ ಸೂಜೀಲೇ ಹೊಲಿದೆನಲ್ಲ."

"ನಿನಗೇಂತ ಪಂಚೆಗೆ ಚುಚ್ಚಿಟ್ಟು ಹೋಗಿದ್ದೆ. ಚೀಲಕ್ಕೆ ಏನೋ ಹಾಕ್ಕೊಂಡೆ, ನಾನು ನೋಡಿದೀನಿ."

"ಅದು ಕನ್ನಡಕದ ಡಬ್ಬಿ ಕಣಕ್ಕ." ಹಾಗೆಂದವಳ ಮುಖ ಒಮ್ಮೆಲೇ ಬಿಳಿಚಿತು. "ಅಯ್ಯೋ ಶಿವನೇ! ನಂಗೆ ಕಣ್ಣಿಗೆ ಪೊರೆ ಬಂದದಂತೆ, ಎರಡು ದಿನದಿಂದ ಕಣ್ಣಾಸ್ಪತ್ರೆಗೆ ಅಲೆಯೋದು, ಔಷಧಿ ಬಿಟ್ಕೊಂಡು ಮಲಗೋದು, ಇದೇ ಆಗದೆ. ಬಿಳೀ ಬಟ್ಟೆ, ಬಿಳೀ ದಾರ, ನೀವು ಚುಚ್ಚಿದ್ದು ಕಾಣ್ಲೇ ಇಲ್ಲ. ಅಂಗೇ ಮಡಚಿ ಹೊಲ್ದ್ಬುಟ್ಟೆ! ಕೂಸು ಮಲಗೋ ಜಾಗ ಅಕ್ಕ, ಕತ್ತರಿ ತನ್ನಿ ಮೊದಲು!"

ತನ್ನನ್ನು ಕಳ್ಳಿಯೆಂದು ಅನುಮಾನಿಸಿದ್ದು ಚಾಮುಂಡಮ್ಮನ ಅರಿವಿಗೆ ಇನ್ನೂ ಬಂದೇ ಇರಲಿಲ್ಲ.

ಗಿರಿಜಾಂಬಾ ಹಕ್ಕಿಯ ಹೊಟ್ಟೆ ಕತ್ತರಿಸಿದಳು. ಒಂದೊಂದೇ ಮಡಿಕೆ ಎತ್ತಿದಳು. ಎರಡನೆಯದರ ಅಡಿಯಲ್ಲಿ ಸೂಜಿ ಮೊನೆ ಮೇಲೆ ಮಾಡಿ ಮಲಗಿತ್ತು. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು.

"ನೀನು ಕದ್ದೆ ಅಂದ್ಕೊಂಡಿದ್ದೆ."

"ಗೊತ್ತಾಯ್ತು ಬುಡಿ. ನೀರೂ ಕೊಡ್ಲಿಲ್ವಲ್ಲ."

ಗಿರಿಜಾಂಬಾ ಒಳಹೋಗಿ ನೀರು, ಬೆಲ್ಲ ತಂದಿಟ್ಟಳು. ಮಡಿಕೆಗಳನ್ನು ಸರಿ ಮಾಡಿ, ಸೂಜಿಗೆ ಈ ಸಲ ಕರಿ ದಾರ ಪೋಣಿಸಿ ಪಂಚೆಗೆ ಚುಚ್ಚಿದಳು. ಆಮೇಲೆ ಚಾಮುಂಡಮ್ಮನ ಬೆರಳು ಹಿಡಿದು ಅದರ ಮೇಲಿಟ್ಟಳು.

"ಅಂಕುಡೊಂಕು ಆಗ್ತದೆ ಅಕ್ಕ."

"ಆಗಲಿ."

ಸೋಮವಾರ ತೊಟ್ಟಿಲಿಗೆ ಹಾಸಿದ ಕೌದಿಯಲ್ಲಿ ಹಕ್ಕಿಯ ಬಿಳಿ ಹೊಟ್ಟೆಯ ಮೇಲೆ ಕರಿಹೊಲಿಗೆ ಸೊಟ್ಟಗೆ ಸಾಗಿತ್ತು. ಕೇಳಿದವರಿಗೆಲ್ಲ ಗಿರಿಜಾಂಬಾ ಅದು ಯಾಕೆ ಬಂತೆಂದು ತಾನೇ ಹೇಳಿದಳು.